ಚಿತ್ರ ಬಿಟ್ಟು ಬೇರೆ ಕೆಲಸಕ್ಕೆ ಸೇರಲೇ?

11 ವರ್ಷದಿಂದ ಪುಸ್ತಕಗಳಿಗೆ ಚಿತ್ರ ಬರೆದೇ ಬದುಕಿದ್ದೇನೆ. ಆರು ತಿಂಗಳಿಂದ ಕೆಲಸವೇ ಬರುತ್ತಿಲ್ಲ, ಬಾಡಿಗೆಗೂ ಸಾಲ. ಈಗ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಸೇರಿದರೆ ಕೈ ಮರೆತುಹೋಗುತ್ತದೇನೋ ಅಂತ ಭಯ.

ಉತ್ತರ 1: ಸೇರಿ. ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ 41 ವರ್ಷದವರೆಗೂ ಟ್ಯಾಕ್ಸಿ ಓಡಿಸುತ್ತಿದ್ದರು, ಪ್ಲಂಬಿಂಗ್ ಕೂಡ ಮಾಡಿದ್ದರು. ಅವರ ಸಂಗೀತವೇನೂ ನಿಲ್ಲಲಿಲ್ಲ, ಅಲ್ವಾ?

ಉತ್ತರ 2: ನಾನು ಕಥೆ ಬರೆಯುವವನು. ಹೊಟ್ಟೆಪಾಡಿಗೆ ಜಾಹೀರಾತು ಬರೆಯುವ ಕೆಲಸ ಹಿಡಿದೆ, ಅದೇ ತಪ್ಪಾಯಿತು, ಸಂಜೆ ಮನೆಗೆ ಬಂದರೆ ಒಂದು ಸಾಲು ಬರೆಯಲೂ ಮನಸ್ಸಿರುತ್ತಿರಲಿಲ್ಲ. ಲೆಕ್ಕದ ಕೆಲಸ ನಿಮ್ಮ ಚಿತ್ರದ ತಂಟೆಗೆ ಬರುವುದಿಲ್ಲ. ಆದರೆ ಸಂಬಳಕ್ಕಿಂತ ಮೊದಲು ಎಷ್ಟು ಗಂಟೆಗೆ ಬಿಡುತ್ತಾರೆ ಅಂತ ಕೇಳಿ.

ಉತ್ತರ 3: ಸಾಲದ ಚಿಂತೆಯಲ್ಲಿ ಕೂತು ಚಿತ್ರ ಬರೆಯುವುದೇ ಜಾಸ್ತಿ ಕಷ್ಟ.

ಕೇಳಿದವರು: ಐದಕ್ಕೆ ಬಿಡುತ್ತಾರಂತೆ. ಸೋಮವಾರ ಸೇರುತ್ತೇನೆ.