ಜರ್ಮನಿಯ ‘ಫಿಕ್ಷನ್’ ಕಾಗದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಶ್ಟುಟ್‌ಗಾರ್ಟ್ ಹತ್ತಿರ. ಇಲ್ಲಿಗೆ ಹೊಸದಾಗಿ ಕೆಲಸಕ್ಕೆ ಬರುವ ಕನ್ನಡದವರಿಗೆ ಅಂತ ನಾವು ಮೂರು ಜನ ಸೇರಿ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇವೆ. ಬ್ಯಾಂಕು, ಬಾಡಿಗೆ ಮನೆ, ವಿಮೆ ಎಲ್ಲ ಸಲೀಸಾಗಿ ಮುಗಿಯಿತು. ಕೆಲಸದ ಪರ್ಮಿಟ್ ಪುಟಕ್ಕೆ ಬಂದಾಗ ಗಾಡಿ ನಿಂತಿತು.

ತೊಡಕು ಶುರುವಾಗುವುದೇ ‘ವರ್ಕ್ ಪರ್ಮಿಟ್’ ಅನ್ನುವ ಮಾತಿನಿಂದ. ನಾವೆಲ್ಲ ಬಾಯಲ್ಲಿ ಹಾಗೇ ಅನ್ನುತ್ತೇವೆ, ಆದರೆ ನಮ್ಮಂಥವರಿಗೆ ಜರ್ಮನಿಯಲ್ಲಿ ಆ ಹೆಸರಿನ ಬೇರೆ ಕಾಗದವೇ ಇಲ್ಲ. 2005ರ ಜನವರಿಯಿಂದ ಇರುವುದಕ್ಕೂ ದುಡಿಯುವುದಕ್ಕೂ ಒಂದೇ ಪತ್ರ. ಹಿಂದೆ ಎರಡಿದ್ದವು. ಉದ್ಯೋಗ ಇಲಾಖೆಯ ಒಪ್ಪಿಗೆ ಬೇಕಾದ ಕಡೆ ಅದನ್ನು ಕಚೇರಿಗಳೇ ತಮ್ಮೊಳಗೆ ಕೇಳಿಕೊಳ್ಳುತ್ತವೆ. ಹಾಗಾಗಿ ‘ಕೆಲಸದ ಪರವಾನಗಿ’ ಅಂತ ಬರೆದರೆ ಓದಿದವರು ಇಲ್ಲದ ಕಾಗದ ಹುಡುಕಿಕೊಂಡು ಅಲೆಯುತ್ತಾರೆ. ‘ವಾಸದ ಪರವಾನಗಿ’ ಅಂದುಬಿಟ್ಟೆವು. ‘ರಹದಾರಿ’ ಅನ್ನೋಣ ಅಂತ ಒಬ್ಬರು ಹೇಳಿದರು. ಪದ ಚೆನ್ನಾಗಿದೆ, ಆದರೆ ಅದರೊಳಗೆ ರಾಹ್ ಅಂದರೆ ದಾರಿ ಕೂತಿದೆ, ಕನ್ನಡದಲ್ಲಿ ಬಸ್ಸು ಆಟೋ ಪರ್ಮಿಟ್ಟಿಗೇ ಅದು ಒಗ್ಗಿಹೋಗಿದೆ. ಒಂದೂರಲ್ಲಿ ಮನೆ ಮಾಡಿಕೊಂಡಿರುವವನಿಗೆ ರಹದಾರಿ ಯಾಕೆ, ಅಲ್ವಾ?

ಇನ್ನೊಂದು ಜೋಡಿ ತಾನಾಗಿಯೇ ಸಿಕ್ಕಿತು. ವಾಸದ ಪರವಾನಗಿಯ ಕಾರ್ಡಿನ ಮೇಲೆ ಕೆಲವರಿಗೆ ‘ಎರ್ವೆರ್ಬ್ಸ್‌ಟೇಟಿಶ್‌ಕೈಟ್’ಗೆ ಅನುಮತಿ ಅಂತ ಇರುತ್ತದೆ, ಕೆಲವರಿಗೆ ಬರೀ ‘ಬೆಶೆಫ್ಟಿಗುಂಗ್’ಗೆ. ಮೊದಲನೆಯದರಲ್ಲಿ ಸ್ವಂತ ಅಂಗಡಿ, ಸ್ವಂತ ವ್ಯವಹಾರ ಎಲ್ಲ ಸೇರಿತು. ಎರಡನೆಯದು ಒಬ್ಬರ ಕೈಕೆಳಗೆ ಸಂಬಳಕ್ಕೆ ಮಾಡುವುದು ಮಾತ್ರ. ಇಂಗ್ಲಿಷಿನಲ್ಲಿ ಎರಡನ್ನೂ ಬಿಡಿಸಿ ಹೇಳಲು ಒದ್ದಾಡಬೇಕು. ಕನ್ನಡದಲ್ಲಿ ದುಡಿಮೆ, ನೌಕರಿ. ಮುಗಿಯಿತು! ಆವತ್ತು ನಮಗಾದ ಖುಷಿ ಅಷ್ಟಿಷ್ಟಲ್ಲ. ಹೆಚ್ಚು ಓದಿ ಕೆಲಸಕ್ಕೆ ಬರುವವರಿಗೆ ಕೊಡುವ ವಾಸದ ಪರವಾನಗಿ ಬ್ಲೂ ಕಾರ್ಡನ್ನು ಮಾತ್ರ ಹಾಗೇ ಬಿಟ್ಟೆವು, ‘ನೀಲಿ ಕಾರ್ಡು’ ಅಂದರೆ ಯಾವುದೋ ರೇಷನ್ ಕಾರ್ಡಿನ ಹಾಗೆ ಕೇಳುತ್ತದೆ.

ಈಗ ನಿಜವಾಗಿ ಸಿಕ್ಕಿಹಾಕಿಕೊಂಡಿರುವ ಪದ: ಫಿಕ್‌ಟ್ಸಿಯೋನ್ಸ್‌ಬೆಶೈನಿಗುಂಗ್. ಹೆದರಬೇಡಿ, ಒಡೆದರೆ ಎರಡೇ ತುಂಡು. ಬೆಶೈನಿಗುಂಗ್ ಅಂದರೆ ದೃಢೀಕರಣ ಪತ್ರ. ಫಿಕ್‌ಟ್ಸಿಯೋನ್ ಅಂದರೆ ನಮಗೆ ಗೊತ್ತಿರುವ ಫಿಕ್ಷನ್ನೇ.

ಅದು ಮಾಡುವ ಕೆಲಸ ಹೀಗೆ. ಕಾರ್ಡಿನ ಅವಧಿ ಮುಗಿಯುವ ಮುಂಚೆ ನೀವು ನವೀಕರಣಕ್ಕೆ ಅರ್ಜಿ ಹಾಕುತ್ತೀರಿ. ಕಚೇರಿಯಲ್ಲಿ ಸರದಿ ಉದ್ದ, ಅಷ್ಟರಲ್ಲಿ ಕಾರ್ಡಿನ ತಾರೀಕು ದಾಟಿಹೋಗುತ್ತದೆ. ಆಗ ವಾಸದ ಕಾಯ್ದೆಯ 81ನೇ ಕಲಂ ಕೈ ಹಿಡಿಯುತ್ತದೆ. ತೀರ್ಮಾನ ಬರುವ ತನಕ ಹಳೆಯ ಪರವಾನಗಿ ಇನ್ನೂ ಇದೆ ಅಂತಲೇ ಲೆಕ್ಕ. ಹಾಗೆ ಲೆಕ್ಕ ಹಿಡಿದಿದ್ದೇವೆ ಅಂತ ಹೇಳುವ ಕಾಗದ ಇದು.

ನನಗೂ ಒಮ್ಮೆ ಇದನ್ನು ಕೊಟ್ಟಿದ್ದರು. ಮಡಚುವ ಕಾಗದ, ಒಳಗೆ ಪುಟ್ಟ ಚೌಕಗಳು, ಅದರಲ್ಲಿ ಒಂದಕ್ಕೆ ಗುರುತು. ಅದನ್ನೇ ಹಿಡಿದುಕೊಂಡು ಊರಿಗೆ ಬಂದು ವಾಪಸ್ ಹೊರಟಾಗ ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ, “ಸರ್, ಇದರಲ್ಲಿ ಫಿಕ್ಷನ್ ಅಂತ ಇದೆಯಲ್ಲ” ಅಂದ. ಅವನದೇನೂ ತಪ್ಪಿಲ್ಲ. ಗುರುತು ಬಿದ್ದಿದ್ದು 81ರ 4ನೇ ಉಪಕಲಮಿನ ಚೌಕಕ್ಕೆ. ಅದಕ್ಕೆ ಬಿದ್ದಿದ್ದರೆ ಜರ್ಮನಿಗೆ ಮರಳಿ ಬರಬಹುದು, 3ನೇ ಉಪಕಲಮಿನದಾದರೆ ಆ ಕಾಗದ ನಂಬಿಕೊಂಡು ಬರುವ ಹಾಗಿಲ್ಲ. ಮೇಲಿನವರು ಬಂದು ನೋಡಿ, ಎಲ್ಲಿಗೋ ಫೋನ್ ಮಾಡಿ, ನನ್ನನ್ನು ಬಿಡುವ ಹೊತ್ತಿಗೆ ಅಂಗಿ ಒದ್ದೆಯಾಗಿತ್ತು.

ಹಾಗಾಗಿ ‘ಕಲ್ಪಿತ ಪತ್ರ’ ಬೇಡವೇ ಬೇಡ. ಯಾರೋ ಮನೆಯಲ್ಲಿ ಕೂತು ಪ್ರಿಂಟ್ ಹಾಕಿದ ಹಾಗೆ ಕೇಳುತ್ತದೆ. ‘ತಾತ್ಕಾಲಿಕ ಪರವಾನಗಿ’ ಅಂತ ಜಾಸ್ತಿ ಜನ ಅನ್ನುತ್ತಾರೆ, ಆದರೆ ಅರ್ಥ ಜಾರುತ್ತದೆ. ಇದು ಹೊಸದಾಗಿ ಕೊಟ್ಟ ತಾತ್ಕಾಲಿಕ ಅನುಮತಿಯಲ್ಲ. ಹಳೆಯದೇ, ಅದರ ಷರತ್ತುಗಳ ಸಮೇತ, ಮುಂದುವರಿಯುತ್ತಿದೆ.

ಕನ್ನಡ ಕಾಯ್ದೆಗಳಲ್ಲಿ ಈ ಜಾಗಕ್ಕೆ ಸರಿಯಾಗಿ ಕೂರುವ ಮಾತು ಒಂದಿದೆ: ‘ಎಂದು ಭಾವಿಸತಕ್ಕದ್ದು’. ಅದೇ ಬೇರಿನಿಂದ ಬಂದ ‘ಪರಿಭಾವಿತ ಅರಣ್ಯ’ ಪತ್ರಿಕೆಗಳಲ್ಲಿ ಓದಿದ್ದೀರಿ, ಡೀಮ್ಡ್ ಫಾರೆಸ್ಟ್ ಅಂತ ಮಲೆನಾಡಿನಲ್ಲಿ ಗಲಾಟೆಯಾದದ್ದು. ಅಲ್ಲಿ ದಾಖಲೆಯಲ್ಲಿ ಕಾಡಲ್ಲದ್ದನ್ನು ಕಾಡು ಅಂತ ಲೆಕ್ಕ ಹಿಡಿಯುತ್ತಾರೆ, ಇಲ್ಲಿ ಮುಗಿದ ಪರವಾನಗಿಯನ್ನು ಮುಗಿದಿಲ್ಲ ಅಂತ. ಹಾಗೆ ನೋಡಿದರೆ ‘ಪರಿಭಾವಿತ ವಾಸಪತ್ರ’ ಪಕ್ಕಾ ಸರಿ. ಆದರೆ ಇಪ್ಪತ್ತೈದರ ಹುಡುಗಿ ಹಾಸನದಿಂದ ಬಂದು ಇಳಿದು ಈ ಪದ ಓದಿದರೆ ಏನು ತಿಳಿದಾಳು?

ನನ್ನ ಒಲವು ‘ಚಾಲ್ತಿ ಪತ್ರ’ದ ಕಡೆಗೆ. ನಿಮ್ಮ ಪರವಾನಗಿ ಚಾಲ್ತಿಯಲ್ಲಿದೆ ಅಂತ ಹೇಳುವ ಪತ್ರ. ಕೇಳಿದ ಕೂಡಲೇ ಗೊತ್ತಾಗುತ್ತದೆ. ಒಂದು ಕೊರತೆ ಇದೆ. ಮೊದಲ ಸಲ ಅರ್ಜಿ ಹಾಕಿದವರಲ್ಲಿ ಕೆಲವರಿಗೂ ಇದೇ ಹೆಸರಿನ ಕಾಗದ ಕೊಡುತ್ತಾರೆ, ಅದೇ 3ನೇ ಉಪಕಲಂ. ಅವರ ಹತ್ತಿರ ಹಳೆಯ ಪರವಾನಗಿಯೇ ಇರುವುದಿಲ್ಲ, ಚಾಲ್ತಿಯಲ್ಲಿರುವುದಾದರೂ ಯಾವುದು? ಗುಂಪಿನ ಇನ್ನೊಬ್ಬರು ಇದನ್ನೇ ಹಿಡಿದು ಜಗ್ಗುತ್ತಿದ್ದಾರೆ, ಅವರಿಗೆ ‘ಪರಿಭಾವಿತ’ವೇ ಬೇಕಂತೆ.

ಎರಡು ವಿಷಯ ಕೇಳಬೇಕಿತ್ತು. ಶಿವಮೊಗ್ಗ, ಚಿಕ್ಕಮಗಳೂರು ಕಡೆಯವರು ಯಾರಾದರೂ ಇದ್ದರೆ, ಊರಲ್ಲಿ ಮಾತಾಡುವಾಗ ‘ಪರಿಭಾವಿತ’ ಅಂತ ಯಾರ ಬಾಯಲ್ಲಾದರೂ ಬರುತ್ತದಾ, ಇಲ್ಲ ಡೀಮ್ಡ್ ಅಂತಲೇ ಅನ್ನುತ್ತಾರಾ? ಮತ್ತೆ ಕೋರ್ಟು ಕಚೇರಿ ಕನ್ನಡ ಬಲ್ಲವರು ಹೇಳಿ, ‘ಭಾವಿಸತಕ್ಕದ್ದು’ ಅನ್ನುವುದನ್ನು ಒಂದೇ ಹೆಸರುಪದವಾಗಿ ಎಲ್ಲಾದರೂ ಬಳಸಿದ್ದಾರಾ? ಮುಂದಿನ ಭಾನುವಾರ ಕೈಪಿಡಿ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ತಿಳಿಸಿದರೆ ಒಳ್ಳೆಯದು.