ಮಾವನ ಹಳೆಯ ನಿಕಾನ್ ಲೆನ್ಸುಗಳಿಗೆ ಯಾವ ಡಿಎಸ್‌ಎಲ್‌ಆರ್ ಬಾಡಿ ಹೊಂದುತ್ತದೆ?

ಪ್ರಶ್ನೆ: ಬದಿಯಡ್ಕದ ಅಧ್ಯಾಪಕ

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದ ಬಳಿಯ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಅಧ್ಯಾಪಕ. ನನ್ನ ಸೋದರಮಾವ ಬಹರೈನಿನಲ್ಲಿ ಕೆಲಸದಲ್ಲಿದ್ದಾಗ, 1979ರಲ್ಲಿ, ನಿಕಾನ್ ಎಫ್‌ಎಂ ಎಂಬ ಫಿಲ್ಮ್ ಕ್ಯಾಮೆರಾ ಕೊಂಡಿದ್ದರು. ಊರಿಗೆ ಮರಳಿದ ಮೇಲೆ ನಮ್ಮ ಸೀಮೆಯ ಬಯಲಾಟ, ಭೂತಕೋಲಗಳನ್ನೆಲ್ಲ ಅವರು ತೆಗೆದದ್ದು ಅದರಲ್ಲೇ. ಈಗ ಅವರಿಗೆ ಕಣ್ಣು ಮಂಜಾಗಿದೆ. ಲೆನ್ಸುಗಳ ಚೀಲವನ್ನು ನನ್ನ ಕೈಗಿತ್ತು, "ಕಪಾಟಿನಲ್ಲಿಟ್ಟು ಹಾಳುಮಾಡಬೇಡ, ಬಳಸು" ಎಂದಿದ್ದಾರೆ.

ಚೀಲದಲ್ಲಿ ಮೂರು ಲೆನ್ಸುಗಳಿವೆ. ಕ್ಯಾಮೆರಾದ ಜೊತೆಗೇ ಕೊಂಡ 105 ಮಿ.ಮೀ. ಎಫ್ 2.5 ಎಐ ಒಂದು. ಅಲ್ಲಿಯ ಗೆಳೆಯರೊಬ್ಬರಿಂದ ಪಡೆದ, ಅದಕ್ಕಿಂತಲೂ ಹಳೆಯದಾದ 28 ಮಿ.ಮೀ. ಎಫ್ 3.5 ಇನ್ನೊಂದು, ಆಮೇಲೆ ಕೊಂಡ 70-210 ಆಟೋಫೋಕಸ್ ಝೂಮ್ ಮತ್ತೊಂದು. ಇವುಗಳಲ್ಲದೆ ನನ್ನದೇ ಆದ 50 ಮಿ.ಮೀ. ಎಫ್ 1.8 ಡಿ ಇದೆ. ಅದನ್ನು ನಾನು ನಿಕಾನ್ ಎಫ್80 ಫಿಲ್ಮ್ ಕ್ಯಾಮೆರಾದಲ್ಲಿ ಬಳಸುತ್ತಿದ್ದೆ.

ಅಂಗಡಿಯಲ್ಲಿ ವಿಚಾರಿಸಿದಾಗ, "ನಿಕಾನ್ ಲೆನ್ಸ್ ಎಲ್ಲಾ ನಿಕಾನ್ ಬಾಡಿಗೂ ಕೂರುತ್ತದೆ" ಎಂದು ಹೇಳಿ ಡಿ3500 ತೋರಿಸಿದರು. ಸಹೋದ್ಯೋಗಿಯೊಬ್ಬರು, ಕೊಳ್ಳುವುದಾದರೆ ಇರುವುದರಲ್ಲಿ ಹೊಸದಾದ ಡಿ7500 ಕೊಳ್ಳಿ ಎನ್ನುತ್ತಾರೆ. ನನಗೆ ಮುಖ್ಯವಾಗಿ ಬೇಕಿರುವುದು ರಾತ್ರಿಯ ಬಯಲಾಟದ ವೇಷಗಳ ಚಿತ್ರ, ಮತ್ತು ಮಧೂರು ದೇವಸ್ಥಾನದಂತಹ ಕಟ್ಟಡಗಳ ಚಿತ್ರ. ಬಳಸಿದ ಬಾಡಿಯಾದರೂ ಆಗಬಹುದು. ಈ ಲೆನ್ಸುಗಳು ನಿಜವಾಗಿ ಕೆಲಸಕ್ಕೆ ಬರುವ ಬಾಡಿ ಯಾವುದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಕುಂಬಳೆಯಿಂದ

ಮಾಸ್ತರರಿಗೆ ನಮಸ್ಕಾರ. ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಲೆನ್ಸನ್ನು ಬಾಡಿಗೆ ಸಿಕ್ಕಿಸುವ ನಿಕಾನಿನ ಎಫ್ ಮೌಂಟ್ ಬಂದದ್ದು 1959ರಲ್ಲಿ. ಆ ಲೋಹದ ಉಂಗುರದ ಅಳತೆ ಇಂದಿಗೂ ಬದಲಾಗಿಲ್ಲವಾದ್ದರಿಂದ ಲೆನ್ಸ್ ಕೂರುತ್ತದೆ. ಕೂತ ಮೇಲೆ ಫೋಕಸ್ ಆಗುತ್ತದೆಯೇ, ಬೆಳಕನ್ನು ಅಳೆಯುತ್ತದೆಯೇ ಎಂಬುದು ಬಾಡಿಯಿಂದ ಬಾಡಿಗೆ ಬೇರೆಯಾಗುತ್ತದೆ. ನಾನು ಇದನ್ನು ಕಲಿತದ್ದು ಹಣ ಕಳೆದುಕೊಂಡು. ನಿಮ್ಮಲ್ಲಿರುವಂತಹದೇ 50 ಎಫ್ 1.8 ಡಿ ಇಟ್ಟುಕೊಂಡು ಡಿ3200 ಕೊಂಡಿದ್ದೆ. ಮೊದಲ ದಿನವೇ ಆಟೋಫೋಕಸ್ ಕೆಲಸ ಮಾಡುವುದಿಲ್ಲವೆಂದು ತಿಳಿದು, ಒಂದೇ ವರ್ಷದಲ್ಲಿ ಅದನ್ನು ಅರ್ಧ ಬೆಲೆಗೆ ಮಾರಬೇಕಾಯಿತು.

ಇದರ ಕಾರಣ ಸರಳವಾಗಿದೆ. ನಿಮ್ಮ 50 ಮತ್ತು 70-210 ಲೆನ್ಸುಗಳ ಒಳಗೆ ಮೋಟಾರು ಇಲ್ಲ. ಅವುಗಳ ಹಿಂಭಾಗದ ಲೋಹದ ಉಂಗುರವನ್ನು ನೋಡಿದರೆ ಸ್ಕ್ರೂ ತಲೆಯಂತೆ ಸೀಳಿರುವ ಒಂದು ಸಣ್ಣ ಬಿಂದು ಕಾಣುತ್ತದೆ. ಬಾಡಿಯ ಮೌಂಟಿನಿಂದ ಹೊರಚಾಚುವ ಸ್ಕ್ರೂಡ್ರೈವರಿನಂತಹ ಸಣ್ಣ ಕಡ್ಡಿ ಆ ಸೀಳಿನಲ್ಲಿ ಕೂತು, ಬಾಡಿಯೊಳಗಿನ ಮೋಟಾರು ತಿರುಗಿದಾಗ ಲೆನ್ಸನ್ನು ತಿರುಗಿಸುತ್ತದೆ. 2006ರಲ್ಲಿ ಬಂದ ಡಿ40ರಿಂದ ಮೊದಲ್ಗೊಂಡು ಡಿ3000 ಮತ್ತು ಡಿ5000 ಸಾಲಿನ ಯಾವ ಬಾಡಿಯಲ್ಲೂ ಈ ಮೋಟಾರು ಇಲ್ಲ. ಡಿ3500 ಕೂಡ ಆ ಸಾಲಿನದೇ. ಅವುಗಳಲ್ಲಿ ತಾನಾಗಿ ಫೋಕಸ್ ಆಗುವುದು, ಮೋಟಾರನ್ನು ತಮ್ಮೊಳಗೇ ಇಟ್ಟುಕೊಂಡಿರುವ ಎಎಫ್-ಎಸ್‌ನಂತಹ ಲೆನ್ಸುಗಳು ಮಾತ್ರ. ಡಿ90, ಡಿ7000, ಡಿ7100, ಡಿ7200, ಡಿ7500, ಡಿ610, ಡಿ750 ಮುಂತಾದ ಬಾಡಿಗಳಲ್ಲಿ ಮೋಟಾರು ಇದೆ.

ಹಾಗಾದರೆ ಡಿ7500 ಸಾಕಲ್ಲವೇ ಎಂದು ನೀವು ಕೇಳಬಹುದು. ನಿಮ್ಮ ಬಳಿ ಇರುವ ಅತ್ಯುತ್ತಮ ಲೆನ್ಸ್ 105 ಎಫ್ 2.5 ಎಂಬುದನ್ನು ನೆನಪಿಡಿ; ಅದು ಅಲ್ಲಿ ಅರೆಕುರುಡಾಗುತ್ತದೆ. 1977ರಲ್ಲಿ ನಿಕಾನ್ ಎಐ ಪದ್ಧತಿಯನ್ನು ತಂದಾಗ, ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ತೂತು) ಹಿಗ್ಗಿಸಿ ಕುಗ್ಗಿಸುವ ಉಂಗುರದ ಅಂಚಿನಲ್ಲಿ ಒಂದು ಮೆಟ್ಟಿಲನ್ನು ಕೊರೆದು, ಬಾಡಿಯ ಮೌಂಟಿನ ಹೊರಸುತ್ತಿನಲ್ಲಿ ಜಾರುವ ಒಂದು ಸಣ್ಣ ನಾಲಗೆಯನ್ನು ಇಟ್ಟರು. ಉಂಗುರವನ್ನು ಎಫ್ 4ಕ್ಕೆ ತಿರುಗಿಸಿದರೆ ಮೆಟ್ಟಿಲು ನಾಲಗೆಯನ್ನು ಅಷ್ಟೇ ದೂರ ತಳ್ಳುತ್ತದೆ, ಬೆಳಕಳೆಯುವ ಮೀಟರಿಗೆ ವಿಷಯ ತಿಳಿಯುತ್ತದೆ. ಡಿ7000, ಡಿ7100, ಡಿ7200ಗಳಲ್ಲಿ ಈ ನಾಲಗೆ ಇದೆ. 2017ರಲ್ಲಿ ಬಂದ ಡಿ7500ರಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಹೊಸದೇ ಲೇಸೆಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಮಾಸ್ತರರೇ. 2015ರ ಡಿ7200 ನಿಮ್ಮ ಲೆನ್ಸುಗಳಿಗೆ ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ, ಅದರಲ್ಲಿ ಕಾರ್ಡಿನ ಜಾಗವೂ ಎರಡಿದೆ.

ಡಿ7200ರ ಮೆನುವಿನಲ್ಲಿ, ಚಿಪ್ ಇಲ್ಲದ ಲೆನ್ಸುಗಳ ವಿವರವನ್ನು ಬರೆದಿಡಲು ಒಂಬತ್ತು ಸಾಲುಗಳಿವೆ. ಒಂದರಲ್ಲಿ 105 ಎಂದೂ 2.5 ಎಂದೂ ತುಂಬಿಸಿದರೆ, ಅಪರ್ಚರನ್ನು ನಾವೇ ಇಡುವ ಎ ಮತ್ತು ಎಂ ಮೋಡಿನಲ್ಲಿ ಮೀಟರು ಸರಿಯಾಗಿ ಕೆಲಸ ಮಾಡುತ್ತದೆ, ಅಪರ್ಚರನ್ನು ಮಾವನವರು ಮಾಡುತ್ತಿದ್ದಂತೆ ಉಂಗುರದಿಂದಲೇ ಬದಲಿಸಬಹುದು. ಫೋಕಸನ್ನು ಮಾತ್ರ ಕೈಯಲ್ಲೇ ಮಾಡಬೇಕು. ಎಫ್‌ಎಂ ಕ್ಯಾಮೆರಾದ ಕಿಂಡಿಯಲ್ಲಿ ನಡುವೆ ಇದ್ದ, ಚಿತ್ರ ಎರಡಾಗಿ ಸೀಳಿ ಮತ್ತೆ ಕೂಡಿಕೊಳ್ಳುವ ವೃತ್ತ ಇದರಲ್ಲಿ ಇಲ್ಲ. ಅದರ ಬದಲು ಕೆಳಗಿನ ಮೂಲೆಯಲ್ಲಿ ಬೆಳಗುವ ದುಂಡನೆಯ ಚುಕ್ಕೆಯನ್ನು ನಂಬಬೇಕು. ಈ ಕಾರಣಕ್ಕೆ ಆ ಕಿಂಡಿ, ಅಂದರೆ ವ್ಯೂಫೈಂಡರ್, ಕೂಡ ಮುಖ್ಯ. ಡಿ7200ರದು ಗಾಜಿನ ಪ್ರಿಸ್ಮ್, ಚೌಕಟ್ಟಿನ ಶೇಕಡಾ 100ರಷ್ಟನ್ನೂ ತೋರಿಸುತ್ತದೆ. ಡಿ3500ರದು ಕನ್ನಡಿಗಳಿಂದ ಕಟ್ಟಿದ್ದು, ಶೇಕಡಾ 95ರಷ್ಟನ್ನು ಮಾತ್ರ ತೋರಿಸುತ್ತದೆ, ಚಿತ್ರವೂ ಕಿರಿದು. ಇರುಳಲ್ಲಿ ಅದರಲ್ಲಿ ಕೈಯಿಂದ ಫೋಕಸ್ ಮಾಡುವುದು ಕಣ್ಣಿಗೆ ಶಿಕ್ಷೆ.

28 ಮಿ.ಮೀ. ಲೆನ್ಸಿನ ವಿಷಯದಲ್ಲಿ ಎಚ್ಚರ ಬೇಕು. ಅದು 1977ಕ್ಕಿಂತ ಹಿಂದಿನದಾಗಿದ್ದು, ಉಂಗುರದಲ್ಲಿ ಮೆಟ್ಟಿಲು ಕೊರೆಯದಿದ್ದರೆ, ಡಿ7200ಕ್ಕೆ ಹಾಕಲೇಬೇಡಿ. ಉಂಗುರದ ಅಂಚು ಆ ನಾಲಗೆಯನ್ನು ಒತ್ತಿ ಮುರಿಯಬಹುದು. ಗುರುತು ಹೀಗಿದೆ: ಎಐ ಲೆನ್ಸಿನಲ್ಲಿ ಅಪರ್ಚರ್ ಅಂಕಿಗಳು ದೊಡ್ಡದೊಂದು, ಚಿಕ್ಕದೊಂದು ಎಂದು ಎರಡು ಸಾಲಿನಲ್ಲಿರುತ್ತವೆ, ಮೇಲಿನ ಲೋಹದ ಕಿವಿಯಲ್ಲಿ ತೂತುಗಳಿರುತ್ತವೆ. ಹಳೆಯದರಲ್ಲಿ ಅಂಕಿಗಳು ಒಂದೇ ಸಾಲು, ಕಿವಿ ಸಾಮಾನ್ಯವಾಗಿ ಗಟ್ಟಿ.

ಮಧೂರಿನ ಗಜಪೃಷ್ಠ ಗೋಪುರವನ್ನು ಇಡಿಯಾಗಿ ಹಿಡಿಯಲು ಇವುಗಳಲ್ಲಿ ಯಾವುದೂ ಸಾಲದು. ಡಿ7200ರಂತಹ ಬಾಡಿಗಳ ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾದ್ದರಿಂದ ನೋಟ ಕಿರಿದಾಗಿ, 28 ಎಂಬುದು 42ರಂತೆ, 50 ಎಂಬುದು 75ರಂತೆ ಕಾಣುತ್ತದೆ. ಬಳಸಿದ 18-55 ಎಎಫ್-ಎಸ್ ಒಂದನ್ನು ಸೇರಿಸಿಕೊಳ್ಳಿ, ಹೆಚ್ಚು ಖರ್ಚಿಲ್ಲ.

ಉತ್ತರ: ಮಂಜೇಶ್ವರದಿಂದ

ಮೇಲಿನವರು ಬಾಡಿಯ ವಿಷಯವನ್ನು ವಿವರವಾಗಿ ಹೇಳಿದ್ದಾರೆ. ನಾನು ಹೇಳುವುದು ಅದಕ್ಕಿಂತ ಮೊದಲಿನ ಕೆಲಸ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ನಲವತ್ತು ಮಳೆಗಾಲ ಕಂಡ ಲೆನ್ಸುಗಳಿಗಾಗಿ ಬಾಡಿ ಕೊಳ್ಳುವ ಮೊದಲು, ಅವು ಬದುಕಿವೆಯೇ ಎಂದು ನೋಡಿ.

ಕತ್ತಲೆ ಕೋಣೆಯಲ್ಲಿ ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚನ್ನು ಓರೆಯಾಗಿ ಹಿಡಿದು, ಮುಂದಿನಿಂದ ನೋಡಬೇಕು. ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಜೇಡನ ಎಳೆಯಂತೆ ಅಂಚಿನಿಂದ ನಡುವಿಗೆ ಕವಲೊಡೆದು ಬರುವ ನೂಲುಗಳು ಕಂಡರೆ ಅದು ಫಂಗಸ್. ಬೇಗ ಸ್ವಚ್ಛಗೊಳಿಸದಿದ್ದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಆಮೇಲೆ ಉಂಗುರವನ್ನು ಎಫ್ 16ಕ್ಕೆ ತಂದು, ಹಿಂಭಾಗದ ಸಣ್ಣ ಕಡ್ಡಿಯನ್ನು ಬೆರಳಿನಿಂದ ತಳ್ಳಿ ಬಿಡಿ. ರೆಕ್ಕೆಗಳು ಥಟ್ಟನೆ ಮುಚ್ಚಬೇಕು. ನಿಧಾನವಾಗಿ ಮುಚ್ಚಿದರೆ ಎಣ್ಣೆ ಇಳಿದಿದೆ ಎಂದರ್ಥ, ಅಂತಹ ಲೆನ್ಸಿನಲ್ಲಿ ಚಿತ್ರಗಳು ಬೇಕಾದುದಕ್ಕಿಂತ ಬಿಳುಪಾಗಿ ಬರುತ್ತವೆ.

ಹಳೆಯ ಚರ್ಮದ ಚೀಲದಲ್ಲಿ ಇನ್ನು ಇಡಬೇಡಿ, ಅದೇ ತೇವವನ್ನು ಹಿಡಿದಿಡುತ್ತದೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ.

ಉತ್ತರ: ಹೊಸದುರ್ಗದಿಂದ

ನನ್ನ ಬಳಿ ತಂದೆಯವರ ಪೆಂಟಾಕ್ಸ್ ಕೆ1000 ಮತ್ತು ಅದರ 50, 135 ಲೆನ್ಸುಗಳಿದ್ದವು. ಪೆಂಟಾಕ್ಸಿನ ಕೆ ಮೌಂಟ್ 1975ರದು, ಇಂದಿನ ಡಿಎಸ್‌ಎಲ್‌ಆರ್‌ಗೂ ಅದೇ. ಬಳಸಿದ ಕೆ-5 ಕೊಂಡೆ. ಎಂ ಮೋಡಿನಲ್ಲಿ ಹಸಿರು ಗುಂಡಿಯೊಂದನ್ನು ಒತ್ತಿದರೆ ಅದು ಕ್ಷಣಮಾತ್ರ ಅಪರ್ಚರನ್ನು ಮುಚ್ಚಿ, ಬೆಳಕನ್ನು ಅಳೆದು, ಶಟರ್ ವೇಗವನ್ನು ತಾನೇ ಇಡುತ್ತದೆ. ಕೈನಡುಕವನ್ನು ತಡೆಯುವ ವ್ಯವಸ್ಥೆ ಬಾಡಿಯಲ್ಲೇ ಇರುವುದರಿಂದ ತಂದೆಯವರ 135ಕ್ಕೂ ಅದರ ಪ್ರಯೋಜನ ಸಿಗುತ್ತದೆ. ತೆಯ್ಯಂ ಕಾಲದಲ್ಲಿ ಸೂಟೆಯ ಬೆಳಕಿನಲ್ಲಿ ನಾನು ಅದನ್ನೇ ಹಿಡಿಯುತ್ತೇನೆ. ಹಾಗೆಂದು ನೀವು ನಿಕಾನ್ ಬಿಟ್ಟು ಇತ್ತ ಬನ್ನಿರೆಂದು ಹೇಳಲಾರೆ. ಇರುವ ಲೆನ್ಸುಗಳನ್ನು ಅನುಸರಿಸಿಯೇ ಬಾಡಿ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯವೂ ಹೌದು.

ಇನ್ನೊಂದು ಪ್ರಶ್ನೆ: ಮುಳ್ಳೇರಿಯದಿಂದ

ಇದೇ ಸಂದರ್ಭದಲ್ಲಿ ಕೇಳುತ್ತೇನೆ. ನಮ್ಮ ಅಣ್ಣ ಗಲ್ಫಿನಿಂದ ತಂದ ಕ್ಯಾನನ್ ಎಇ-1 ಕ್ಯಾಮೆರಾದ ಎಫ್‌ಡಿ ಲೆನ್ಸುಗಳಿವೆ. ಈಗಿನ ಕ್ಯಾನನ್ ಇಒಎಸ್ ಡಿಎಸ್‌ಎಲ್‌ಆರ್‌ಗೆ ಅವು ಬರುತ್ತವೆಯೇ? ಮಾಸ್ತರರು ಕೂಡ ಡಿಎಸ್‌ಎಲ್‌ಆರ್ ಬಿಟ್ಟು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕಡೆಗೆ ಯಾಕೆ ನೋಡಬಾರದು?

ಉತ್ತರ: ಕುಂಬಳೆಯಿಂದ

ಎಫ್‌ಡಿ ಲೆನ್ಸುಗಳು ಇಒಎಸ್ ಡಿಎಸ್‌ಎಲ್‌ಆರ್‌ಗೆ ಬರುವುದಿಲ್ಲ. 1987ರಲ್ಲಿ ಕ್ಯಾನನ್ ತನ್ನ ಮೌಂಟನ್ನೇ ಬದಲಿಸಿತು. ಎಫ್‌ಡಿ ಲೆನ್ಸು ಫಿಲ್ಮಿನಿಂದ 42 ಮಿ.ಮೀ. ದೂರದಲ್ಲಿ ಕೂರಬೇಕು, ಇಒಎಸ್ ಬಾಡಿಯಲ್ಲಿ ಆ ದೂರವೇ 44 ಮಿ.ಮೀ. ಇದೆ, ಗಾಜಿಲ್ಲದ ಬರೀ ಉಂಗುರವನ್ನು ಹಾಕಿದರೆ ದೂರದ ಗುಡ್ಡಕ್ಕೆ ಫೋಕಸ್ ಸಿಗುವುದೇ ಇಲ್ಲ. ವಿಚಿತ್ರವೆಂದರೆ 46.5 ಮಿ.ಮೀ. ದೂರದ ನಿಕಾನ್ ಲೆನ್ಸುಗಳು ತೆಳುವಾದ ಉಂಗುರವೊಂದರಿಂದ ಇಒಎಸ್ ಬಾಡಿಯ ಮೇಲೆ ಚೆನ್ನಾಗಿ ಕೂರುತ್ತವೆ. ನಿಮ್ಮ ಅಣ್ಣನ ಲೆನ್ಸುಗಳಿಗೆ ಮಿರರ್‌ಲೆಸ್ಸೇ ಸರಿಯಾದ ದಾರಿ.

ಮಾಸ್ತರರ ಲೆಕ್ಕ ಬೇರೆ. ನಿಕಾನಿನ ಮಿರರ್‌ಲೆಸ್ ಬಾಡಿಗೆ ಕೊಡುವ ಎಫ್‌ಟಿಝೆಡ್ ಅಡಾಪ್ಟರಿನಲ್ಲಿ ಸ್ಕ್ರೂ ತಿರುಗಿಸುವ ಮೋಟಾರು ಇಲ್ಲವಾದ್ದರಿಂದ, ಅವರ 50 ಮತ್ತು 70-210 ಎರಡರಲ್ಲೂ ಆಟೋಫೋಕಸ್ ಹೋಗುತ್ತದೆ.

ಬದಿಯಡ್ಕದ ಅಧ್ಯಾಪಕ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಹೇಳಿದಂತೆ ಎಲ್ಲವನ್ನೂ ಪರೀಕ್ಷಿಸಿದೆ. 105ರ ಗಾಜು ನಿರ್ಮಲವಾಗಿದೆ. 70-210ರ ಒಳಗೆ ನೂಲಿನಂತಹ ಫಂಗಸ್ ನಡುವಿನವರೆಗೂ ಹಬ್ಬಿದೆ, ಎಫ್ 5.6ರ ಆ ಝೂಮ್ ರಾತ್ರಿಗೆ ಹೇಗೂ ಆಗುತ್ತಿರಲಿಲ್ಲ, ಅದನ್ನು ಬದಿಗಿಟ್ಟೆ. 28ರ ಕಿವಿ ಗಟ್ಟಿ, ಅಂಕಿಗಳು ಒಂದೇ ಸಾಲು. ಮಾವನವರಲ್ಲಿ ವಿಚಾರಿಸಿದಾಗ, "ಹೌದು, ಅದನ್ನು ಹಾಕುವಾಗ ಕ್ಯಾಮೆರಾದ ನಾಲಗೆಯನ್ನು ಮೇಲಕ್ಕೆ ಮಡಚಬೇಕಿತ್ತು" ಎಂದರು. ಎಫ್‌ಎಂ ಬಾಡಿಯಲ್ಲಿ ಆ ನಾಲಗೆ ಮಡಚುವಂತಹದು ಎಂಬುದನ್ನು ಅವರೇ ತೋರಿಸಿದರು. ಆ ಲೆನ್ಸ್ ಎಫ್‌ಎಂ ಜೊತೆಗೇ ಇರಲಿ ಎಂದು ತೀರ್ಮಾನಿಸಿದ್ದೇನೆ.

ಮಂಗಳೂರಿನಲ್ಲಿ ಬಳಸಿದ ಡಿ7200 ದೊರಕಿತು. ಎರಡು ಲೆನ್ಸುಗಳನ್ನೂ ಒಯ್ದು, ಅಲ್ಲಿಯೇ ಹಾಕಿ, ನಾಲಗೆ ಸಲೀಸಾಗಿ ಜಾರುವುದನ್ನು ನೋಡಿದ ಮೇಲೆಯೇ ಹಣ ಕೊಟ್ಟೆ. ಮೊನ್ನೆ ರಾತ್ರಿ ನೀರ್ಚಾಲಿನ ಬಳಿ ನಡೆದ ಬಯಲಾಟದಲ್ಲಿ 105ನ್ನು ಎಫ್ 2.8ರಲ್ಲಿಟ್ಟು, ಐಎಸ್‌ಒ 3200, ಸೆಕೆಂಡಿನ 250ರಲ್ಲೊಂದು ಭಾಗದ ವೇಗದಲ್ಲಿ ತೆಗೆದೆ. ಬಣ್ಣದ ವೇಷದವರು ಸಭೆಯ ಕಡೆಗೆ ತಿರುಗಿ ಕ್ಷಣ ನಿಂತಾಗ ಚುಕ್ಕೆ ಬೆಳಗಿತು. ಮುಖದ ಮೇಲಿನ ಅಕ್ಕಿಹಿಟ್ಟಿನ ಚಿಟ್ಟಿಯ ಒಂದೊಂದು ಮುಳ್ಳೂ ಎಣಿಸುವಂತೆ ಬಂದಿದೆ. ಆ ಚಿತ್ರವನ್ನು ಟಿವಿಯ ಪರದೆಯಲ್ಲಿ ದೊಡ್ಡದಾಗಿ ಹಾಕಿ ಮಾವನವರನ್ನು ಹತ್ತಿರ ಕೂರಿಸಿ ತೋರಿಸಿದೆ. ಬಹಳ ಹೊತ್ತು ನೋಡಿ, "ನೂರೈದರದ್ದೇ ಅಲ್ವಾ?" ಎಂದರು.

ಒಂದು ತೊಂದರೆ ಮಾತ್ರ ಉಳಿದಿದೆ. 50 ಎಫ್ 1.8 ಡಿ ಹಾಕಿದಾಗ ಪರದೆಯಲ್ಲಿ ಎಫ್‌ಇಇ ಎಂಬ ಅಕ್ಷರಗಳು ಮಿನುಗುತ್ತವೆ, ಶಟರ್ ಬೀಳುವುದಿಲ್ಲ. ಲೆನ್ಸ್ ಕೆಟ್ಟಿದೆಯೇ?

ಉತ್ತರ: ಕುಂಬಳೆಯಿಂದ

ಕೆಟ್ಟಿಲ್ಲ, ಮಾಸ್ತರರೇ. ಆ ಲೆನ್ಸಿನಲ್ಲಿ ಚಿಪ್ ಇರುವುದರಿಂದ ಅಪರ್ಚರನ್ನು ಬಾಡಿಯೇ ನಿಯಂತ್ರಿಸಬೇಕೆಂದು ಕಾಯುತ್ತದೆ. ಉಂಗುರವನ್ನು ಕೊನೆಯ ಅಂಕಿಯಾದ 22ಕ್ಕೆ ತಂದು, ಪಕ್ಕದ ಸಣ್ಣ ಚಿಲಕವನ್ನು ಜಾರಿಸಿ ಬಂದ್ ಮಾಡಿ. ಎಫ್‌ಇಇ ಹೋಗುತ್ತದೆ, ಅಪರ್ಚರನ್ನು ಬಾಡಿಯ ಚಕ್ರದಿಂದ ಬದಲಿಸಿಕೊಳ್ಳಬಹುದು. 105ಕ್ಕೆ ಹೀಗೆ ಮಾಡಬೇಡಿ, ಅದನ್ನು ಉಂಗುರದಲ್ಲೇ ತಿರುಗಿಸಿ.