ಪೌಚ್‌ನ ಮುಂಭಾಗ ಚೆನ್ನಾಗಿದೆ, ಹಿಂದೆ ಜಾಗವೇ ಸಾಲುತ್ತಿಲ್ಲ

ಖಾಲಿಹಾಳೆ (ಪ್ರಶ್ನೆ):
ಹುರಿದ ಬೀಜ, ಒಣಹಣ್ಣು ಬೆರೆಸಿದ ತಿಂಡಿಗೆ ಸಣ್ಣ ಪೌಚ್ ಡಿಸೈನ್ ಮಾಡುತ್ತಿದ್ದೇನೆ. ಮ್ಯಾಟ್ ಕಪ್ಪು ಹಿನ್ನೆಲೆ, ಮುಂದೆ ಅಗಲವಾದ ಪಾರದರ್ಶಕ ಕಿಟಕಿ. ಕೆಲಸ ಕೊಟ್ಟ ಗ್ರಾಹಕರಿಗೆ ತುಂಬಾ ಇಷ್ಟವಾಯಿತು. ಆಮೇಲೆ ಹಿಂಬದಿಗೆ ಬೇಕಾದ ಮಾಹಿತಿ ಕಳಿಸಿದರು. ಪದಾರ್ಥಗಳ ಪಟ್ಟಿ, ಅಲರ್ಜಿ ಸೂಚನೆ, ಪೋಷಕಾಂಶದ ಕೋಷ್ಟಕ, ತಯಾರಕರ ವಿಳಾಸ, ದಿನಾಂಕ, ಬಾರ್‌ಕೋಡ್, ಅದೂ ಎರಡು ಭಾಷೆಯಲ್ಲಿ! ಜೊತೆಗೆ 'ನಮ್ಮ ಕಥೆ' ಅಂತ ಒಂದು ಪ್ಯಾರಾ. ಅಕ್ಷರ ಚಿಕ್ಕದು ಮಾಡಿ, ಕಪ್ಪಿನ ಮೇಲೆ ತಿಳಿ ಬೂದು ಬಣ್ಣ ಕೊಟ್ಟರೆ ಗಲಾಟೆ ಕಮ್ಮಿ ಕಾಣುತ್ತದೆ. ನಡೆಯುತ್ತಾ?

ಪ್ಲೇಟ್‌ರೂಮ್:
ನಡೆಯಲ್ಲ. ನಾನು ಪ್ರಿಂಟಿಂಗ್‌ಗೆ ಮುಂಚೆ ಫೈಲ್ ನೋಡುವ ಕೆಲಸದಲ್ಲಿದ್ದೇನೆ. ಇಂಥ ಕಪ್ಪು ಪೌಚ್‌ಗಳು ನಮ್ಮ ಟೇಬಲ್‌ಗೆ ಬರುತ್ತಲೇ ಇರುತ್ತವೆ.

ಮೊದಲು ಅಕ್ಷರದ ವಿಷಯ. ಕನಿಷ್ಠ ಎತ್ತರ ಎಷ್ಟು ಅಂತ ಮಾರುವ ದೇಶದ ನಿಯಮವೇ ಹೇಳುತ್ತದೆ. ಯುರೋಪ್ ಒಕ್ಕೂಟದಲ್ಲಿ ಇಂಗ್ಲಿಷಿನ ಸಣ್ಣ 'ಎಕ್ಸ್' ಅಕ್ಷರ 1.2 ಮಿ.ಮೀ. ಇರಬೇಕು. ಪೊಟ್ಟಣದ ಅತಿ ದೊಡ್ಡ ಮುಖವೇ 80 ಚದರ ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಮಾತ್ರ 0.9ಕ್ಕೆ ಇಳಿಸಬಹುದು. ಅಳತೆ ಪಾಸಾದರೂ ಕೆಲಸ ಮುಗಿಯಲಿಲ್ಲ. ನಾಲ್ಕು ಬಣ್ಣ ಸೇರಿಸಿದ ಕಪ್ಪಿನೊಳಗೆ ಸಣ್ಣ ಅಕ್ಷರದ ಜಾಗ ತಿಳಿಯಾಗಿ ಬಿಟ್ಟರೆ, ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಅಕ್ಷರ ತುಂಬಿಹೋಗುತ್ತದೆ. ಹಿಂಬದಿಯಲ್ಲಿ ಒಂದು ತಿಳಿ ಬಣ್ಣದ ಪಟ್ಟಿ ಬಿಡಿ. ಅದರ ಮೇಲೆ ಬರೀ ಕಪ್ಪು ಇಂಕಿನಲ್ಲಿ ಬರೆಯಿರಿ. ಅರ್ಧ ಗಲಾಟೆ ಅಲ್ಲೇ ಕಳೆಯುತ್ತದೆ.

ಸೀಲ್ ಆಗುವ ಅಂಚಿನಲ್ಲಿ ಏನೂ ಬರೆಯಬೇಡಿ. ಹರಿದು ತೆರೆಯುವ ಗೆರೆಯ ಮೇಲೂ ಅಷ್ಟೇ. ಜನ ಆ ತುಂಡು ಕಿತ್ತು ಬಿಸಾಡುತ್ತಾರೆ, ಅಲರ್ಜಿ ಸೂಚನೆಯೂ ಅದರ ಜೊತೆ ಹೋಗುತ್ತದೆ. ದಿನಾಂಕ ಹೊಡೆಯುವ ಜಾಗವೂ ತಿಳಿ ಬಣ್ಣದಲ್ಲೇ ಇರಲಿ. ಕಪ್ಪಿನ ಮೇಲೆ ಕಪ್ಪು ಇಂಕಿನ ದಿನಾಂಕ ಯಾರಿಗೆ ಕಾಣಬೇಕು?

ಅಂಗಡಿ ಸಾಮಾನಿನ 13 ಅಂಕಿಯ ಬಾರ್‌ಕೋಡ್‌ನ ಪೂರ್ಣ ಅಳತೆಯ ಅಗಲ ಪಕ್ಕದ ಖಾಲಿ ಜಾಗ ಸೇರಿ 37.29 ಮಿ.ಮೀ. ಅದನ್ನು 80%ವರೆಗೆ ಇಳಿಸಬಹುದು. ಆ ಖಾಲಿ ಜಾಗದೊಳಗೆ ಮಾತ್ರ ಏನೂ ತುರುಕಬೇಡಿ. ಬ್ರ್ಯಾಂಡ್ ಬಣ್ಣ ಅಂತ ಕೆಂಪು ಗೆರೆ ಕೊಡುವವರಿದ್ದಾರೆ. ಸ್ಕ್ಯಾನರ್ ಬೆಳಕೇ ಕೆಂಪು, ಅದಕ್ಕೆ ಆ ಗೆರೆಗಳು ಕಾಣೋದೇ ಇಲ್ಲ.

ಶೆಲ್ಫ್‌ಕಡೆಯವಳು:
ಕಿಟಕಿ ತೆಗೆಸಿಬಿಡಬೇಡಿ ಮಾರಾಯ್ರೇ. ಒಳಗಿರುವುದು ಕಂಡರೆ ಕೈ ಹೋಗುತ್ತದೆ. ನಾನು ಮಾರಾಟದ ಕಡೆಯವಳು, ದಿನಾ ನೋಡುತ್ತೇನೆ.

ಪ್ಲೇಟ್‌ರೂಮ್:
ಒಪ್ಪಿದೆ. ಆದರೆ ಬೀಜದಲ್ಲಿ ಎಣ್ಣೆ ಇದೆ. ಬೆಳಕು, ಆಮ್ಲಜನಕ ತಾಗಿದರೆ ಬೇಗ ಕಮಟುತ್ತದೆ. ಕಿಟಕಿ ಇರುವ ಫಿಲ್ಮ್‌ನಲ್ಲೇ ಬಾಳಿಕೆ ಪರೀಕ್ಷೆ ಆಗಬೇಕು, ಮುಚ್ಚಿದ ಫಾಯಿಲ್ ಪೌಚ್‌ನ ಲೆಕ್ಕ ಇಲ್ಲಿಗೆ ಹೊಂದಲ್ಲ. ಇನ್ನೊಂದು ವಿಷಯ, ಪುಡಿ, ಚೂರು ಎಲ್ಲಾ ತಳಕ್ಕೆ ಇಳಿಯುತ್ತದೆ. ಕಿಟಕಿ ತಳದವರೆಗೆ ಇಳಿದರೆ ಕೊಳ್ಳುವವರಿಗೆ ಕಾಣೋದು ಆ ಚೂರೇ. ಚಿಕ್ಕದು ಮಾಡಿ, ಮಧ್ಯಕ್ಕೆ ತನ್ನಿ.

ಖಾಲಿಹಾಳೆ:
ಮುಂದೆ ಬೆರ್ರಿ ಹಣ್ಣಿನ ಚಿತ್ರ ದೊಡ್ಡದಾಗಿ ಹಾಕಿದ್ದೇನೆ. ಅದಕ್ಕೇನೂ ತೊಂದರೆ ಇಲ್ಲ ತಾನೇ?

ಪ್ಲೇಟ್‌ರೂಮ್:
ಬೆರ್ರಿ ಎಷ್ಟಿದೆ ಒಳಗೆ? ಚಿತ್ರದಿಂದಲೋ ಮಾತಿನಿಂದಲೋ ಒಂದು ಪದಾರ್ಥಕ್ಕೆ ಒತ್ತು ಕೊಟ್ಟರೆ, ಅದರ ಶೇಕಡಾವಾರು ಪ್ರಮಾಣ ಬರೆಯಬೇಕು ಅಂತ ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲೇ ಇದೆ. ಮುಂದೆ ಬುಟ್ಟಿ ತುಂಬ ಬೆರ್ರಿ ತೋರಿಸಿ ಹಿಂದೆ 3% ಅಂತ ಬರೆದರೆ ಓದಿದವರು ನಗುತ್ತಾರೆ. 'ಸಕ್ಕರೆ ಸೇರಿಸಿಲ್ಲ' ಅಂತ ಬರೆಯುವ ಆಸೆ ಇದ್ದರೆ ಒಣಹಣ್ಣು ಕೊಡುವವರನ್ನು ಮೊದಲು ಕೇಳಿ. ಎಷ್ಟೋ ಸಲ ಅದು ಸಕ್ಕರೆ ಪಾಕ ಕುಡಿದೇ ಬಂದಿರುತ್ತದೆ.

ನನ್ನ ಮಾತು ಕೇಳುವುದಾದರೆ ಹಿಂಬದಿಯಿಂದ ಶುರು ಮಾಡಿ. ನಿಜವಾದ ಅಳತೆಯ ಡೈಲೈನ್ (ಪೌಚ್ ಕತ್ತರಿಸುವ, ಮಡಿಸುವ ಗೆರೆಗಳ ನಕ್ಷೆ) ಮೇಲೆ ಕಡ್ಡಾಯವಾದುದನ್ನೆಲ್ಲ ಮೊದಲು ಕೂರಿಸಿ, ಉಳಿದ ಜಾಗ ನಿಮ್ಮದು. ನೂರು ಪರ್ಸೆಂಟ್ ಸೈಜ್‌ನಲ್ಲಿ ಪ್ರಿಂಟ್ ತೆಗೆದು ಹಳೆಯ ಪೌಚ್‌ಗೆ ಅಂಟಿಸಿ, ತಿಂಡಿ ತುಂಬಿ ನಿಲ್ಲಿಸಿ. ಪೌಚ್ ಉಬ್ಬಿದಾಗ ಅಂಚಿನ ಅಕ್ಷರ ಹಿಂದಕ್ಕೆ ತಿರುಗುತ್ತದೆ. ಸ್ಕ್ರೀನ್ ಮೇಲೆ ಅದು ಯಾವತ್ತೂ ತಿಳಿಯಲ್ಲ.

ಖಾಲಿಹಾಳೆ:
ತಿಳಿ ಪಟ್ಟಿ ಹಾಕಿ ನೋಡಿದೆ, ಉಸಿರಾಡೋಕೆ ಜಾಗ ಸಿಕ್ಕಿತು. 'ನಮ್ಮ ಕಥೆ' ತೆಗೆಯಲು ಗ್ರಾಹಕರು ಒಪ್ಪುತ್ತಿಲ್ಲ.

ಪ್ಲೇಟ್‌ರೂಮ್:
ಕಥೆಯನ್ನು ಕ್ಯೂಆರ್ ಕೋಡ್‌ಗೆ ಕಳಿಸಿ. ಅದರ ಜೊತೆ ಅಲರ್ಜಿ ಸೂಚನೆಯನ್ನೂ ಅಲ್ಲಿಗೆ ಸಾಗಿಸೋಣ ಅಂದರೆ ಮಾತ್ರ ಒಪ್ಪಬೇಡಿ.